ಟ್ರಂಕಿನೊಳಗಿನ ಹಳೇ ಕಸೂತಿ: ಕೊಡುವ ಮೊದಲು ತಿಳಿಯೋಣ



ಹಿಂದಿನ ಪಾಠಗಳಲ್ಲಿ ನಾವು ಉಳಿತಾಯ, ಸಾಲ ಮರುಪಾವತಿ, ಸಂಘದ ವಹಿ ಬರೆಯುವುದು ಮುಂತಾದ ವಿಷಯಗಳನ್ನು ತಿಳಿದುಕೊಂಡೆವು. ಈ ಸಲದ ಪಾಠ ಸ್ವಲ್ಪ ಬೇರೆಯದು. ಇದು ಬ್ಯಾಂಕಿನಲ್ಲಿರುವ ಆಸ್ತಿಯ ಬಗ್ಗೆ ಅಲ್ಲ, ನಮ್ಮ ಮನೆಯ ಟ್ರಂಕಿನ ತಳದಲ್ಲಿ ಮಡಿಚಿಟ್ಟ ಆಸ್ತಿಯ ಬಗ್ಗೆ.

ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವು ಕಸೂತಿ ತರಬೇತಿ ಇಟ್ಟುಕೊಂಡಿದ್ದೆವು. ಮೊದಲ ದಿನವೇ, “ಯಾರ ಮನ್ಯಾಗಾದ್ರೂ ಹಳೇ ಕಸೂತಿ ಸೀರಿ, ಕುಬಸ, ಕುಂಚಿಗಿ ಇದ್ರ ನಾಳೆ ತಗೊಂಡು ಬರ್ರಿ” ಎಂದು ಹೇಳಿ ಕಳಿಸಿದೆವು. ಮರುದಿನ ಮೂವರು ಮಾತ್ರ ತಂದರು. ಉಳಿದವರಲ್ಲಿ ಒಬ್ಬ ಹಿರಿಯ ಸದಸ್ಯೆ ಬರಿಗೈಲಿ ಬಂದು ಮೂಲೆಯಲ್ಲಿ ಕುಳಿತರು. ಮಧ್ಯಾಹ್ನ ಊಟದ ಹೊತ್ತಿಗೆ ತಾವಾಗಿಯೇ ಮಾತು ತೆಗೆದರು.

“ನಮ್ಮ ಆಯಿದು ಒಂದು ಚಂದ್ರಕಾಳಿ ಸೀರಿ ಇತ್ರಿ. ಸೆರಗಿನ ತುಂಬ ಆನಿ, ಅಂಬಾರಿ, ತೇರು. ಆಕಿನ ಕೂತು ಹಾಕಿದ್ದು. ಹೋದ ವರ್ಷ ಭಾಂಡೆ ಮಾರಾವ್ರು ಬಂದಾಗ ಕೊಟ್ಟುಬಿಟ್ಟೆ. ಒಂದು ಸ್ಟೀಲಿನ ಬೋಗಾಣಿ ಬಂತು. ಹರದಿತ್ತು, ಯಾರೂ ಉಡತಿದ್ದಿಲ್ಲ. ಇಟ್ಟಾದ್ರೂ ಏನ್ ಮಾಡೋದು ಅಂದ್ಕೊಂಡೆ.”

ಕಲಿಸಲು ಬಂದಿದ್ದ ಅಕ್ಕ ಅವರನ್ನು ಕೇಳಿದರು: “ಆ ಅಂಬಾರಿ ಹೆಂಗಿತ್ತು ಹೇಳ್ರಿ. ಮ್ಯಾಲೆ ಗೋಪುರ ಇತ್ತೋ, ಛತ್ರಿ ಇತ್ತೋ?” ಅವರಿಗೆ ಹೇಳಲು ಬರಲಿಲ್ಲ. “ಎಳಿ ಎಣಿಸೋದು ಆಯಿ ಕಲಸ್ತೀನಿ ಅಂದ್ಲು. ನಾನ ಕಲೀಲಿಲ್ರಿ. ಸೀರಿ ಇದ್ದಿದ್ರ ನೋಡಿಯಾದ್ರೂ ಕಲೀತಿದ್ದೆ” ಎಂದರು. ಆಮೇಲೆ ಸುಮ್ಮನಾದರು.

ಇದು ಅವರೊಬ್ಬರ ತಪ್ಪಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹೀಗೇ ಆಗಿದೆ. ಕೊಟ್ಟವರಿಗೆ ಬೆಲೆ ಗೊತ್ತಿರುವುದಿಲ್ಲ, ತಗೊಂಡವರಿಗೆ ಕಥೆ ಗೊತ್ತಿರುವುದಿಲ್ಲ. ಆದ್ದರಿಂದ ಹಳೆಯ ಕಸೂತಿ ಬಟ್ಟೆ ಎಂದರೆ ಏನು, ಅದನ್ನು ಜನ ಯಾಕೆ ಹುಡುಕಿ ಸಂಗ್ರಹಿಸುತ್ತಾರೆ, ನಾವು ಅದನ್ನು ಹೇಗೆ ಕಾಯಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

1. ನಮ್ಮ ಭಾಗದಲ್ಲಿ ಸಿಗುವ ಹಳೆಯ ಬಟ್ಟೆಗಳು

ಮೊದಲನೆಯದು ಕಸೂತಿ. ‘ಕೈ’ ಮತ್ತು ‘ಸೂತಿ’ ಎಂಬ ಎರಡು ಮಾತು ಸೇರಿ ಕಸೂತಿ ಆಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಧಾರವಾಡ, ಗದಗ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಬೆಳೆಸಿದ ಕಲೆ ಇದು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ.

ಗವಂತಿ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಮುಂದೆ ಹಿಂದೆ ಒಂದೇ ರೀತಿ ಕಾಣುತ್ತದೆ.
ಮುರಗಿ: ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುತ್ತದೆ. ಇದೂ ಎರಡೂ ಕಡೆ ಒಂದೇ.
ನೇಯ್ಗಿ: ನೇದ ಹಾಗೆ ಕಾಣುವ ಹೊಲಿಗೆ. ಹಿಂಬದಿ ಬೇರೆ ಕಾಣುತ್ತದೆ.
ಮೆಂಥಿ: ಮೆಂತ್ಯದ ಕಾಳಿನಂತೆ ಅಡ್ಡ ದಾಟಿಸಿ ಹಾಕುವ ಹೊಲಿಗೆ. ಇದಕ್ಕೆ ದಾರ ಹೆಚ್ಚು ಬೇಕು.

ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಹತ್ತಿರ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಗುಳೇದಗುಡ್ಡದ ಕಣದ ಕುಬಸದ ಮೇಲೆ, ಕೂಸುಗಳ ಕುಂಚಿಗೆ ಕುಲಾಯಿಗಳ ಮೇಲೆ ಕಸೂತಿ ಹಾಕುತ್ತಿದ್ದರು. ಗೋಪುರ, ತೇರು, ತುಳಸಿ ಕಟ್ಟೆ, ದೀಪಮಾಲೆ ಕಂಬ, ನಂದಿ, ನವಿಲು, ಗಿಳಿ, ಆನೆ ಅಂಬಾರಿ, ಕುದುರೆ, ತೊಟ್ಟಿಲು ಇವು ಇದರ ಚಿತ್ರಗಳು. ಗುಡಿಯಲ್ಲಿ, ಜಾತ್ರೆಯಲ್ಲಿ, ಅಂಗಳದಲ್ಲಿ ಕಂಡದ್ದನ್ನೇ ನಮ್ಮ ಅಜ್ಜಿಯರು ಬಟ್ಟೆಗೆ ತಂದರು.

ಎರಡನೆಯದು ಲಂಬಾಣಿ ಕಸೂತಿ. ನಮ್ಮ ರೋಣ, ಗಜೇಂದ್ರಗಡ ಕಡೆ ಲಂಬಾಣಿ ತಾಂಡಾಗಳು ಬಹಳ ಇವೆ. ಹಿರಿಯ ತಾಯಂದಿರ ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಹೊದಿಕೆ ಇವುಗಳ ಮೇಲೆ ಕನ್ನಡಿ, ಕವಡೆ, ನಾಣ್ಯ, ಬಣ್ಣದ ದಾರ ಸೇರಿ ಮಾಡಿದ ಕೆಲಸ ಇರುತ್ತದೆ. ಹಳೆಯ ಚೀಲ, ಎತ್ತಿನ ಅಲಂಕಾರದ ಬಟ್ಟೆ ಇವೂ ಇದೇ ಕಸೂತಿಯವು.

ಮೂರನೆಯದು ಕೌದಿ. ಹಳೇ ಸೀರೆ ಧೋತರಗಳ ತುಂಡು ಸೇರಿಸಿ ಹೊಲಿದದ್ದು. ಕೌದಿಯ ಒಳಪದರಿನಲ್ಲಿ ಕೆಲವೊಮ್ಮೆ ಅಜ್ಜಿಯ ಕಸೂತಿಯ ತುಂಡೂ ಅಡಗಿರಬಹುದು. ಬಿಚ್ಚುವ ಮುಂಚೆ ನೋಡಿರಿ.

ನಾಲ್ಕನೆಯದು ದೇವರ ಬಟ್ಟೆಗಳು. ಪಲ್ಲಕ್ಕಿಯ ಹೊದಿಕೆ, ತೇರಿನ ನಿಶಾನೆ, ಮೊಹರಂ ಡೋಲಿಯ ಬಟ್ಟೆ, ಚರ್ಚಿನಲ್ಲಿ ಗುರುಗಳು ಧರಿಸುವ ಪೂಜಾವಸ್ತ್ರ ಹಾಗೂ ಬಲಿಪೀಠದ ಹಾಸು ಇವೆಲ್ಲ ಇದರಲ್ಲಿ ಬರುತ್ತವೆ. ಇವುಗಳ ಬಗ್ಗೆ ಒಂದು ಮಾತು ಮರೆಯಬಾರದು. ಇವು ಯಾರ ಒಬ್ಬರ ಸ್ವಂತ ಆಸ್ತಿಯೂ ಅಲ್ಲ. ಪೂಜಾರಿಗಾಗಲಿ, ಕಮಿಟಿಗಾಗಲಿ, ಚರ್ಚಿನ ಕೀಲಿ ಇಟ್ಟುಕೊಂಡವರಿಗಾಗಲಿ ಇವನ್ನು ತಾವೇ ತೀರ್ಮಾನಿಸಿ ಕೊಡುವ ಹಕ್ಕಿಲ್ಲ.

2. ದಂಡು ಬಂದು ಹೋದ ಊರುಗಳು

ನಮ್ಮ ಮೂರೂ ಊರುಗಳ ಇತಿಹಾಸದಲ್ಲಿ ಕೋಟೆ ಮತ್ತು ದಂಡಿನ ಮಾತು ಬಹಳ ಬರುತ್ತದೆ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ಇದೆ. ಗಜೇಂದ್ರಗಡದ ಕೋಟೆ ಘೋರ್ಪಡೆ ಮನೆತನದವರದು. 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದರು. ಅದೇ ವರ್ಷ ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ಸಂಸ್ಥಾನ ಮುಗಿಯಿತು.

ಕೋಟೆಯ ಕಲ್ಲು ಇಂದಿಗೂ ಕಾಣುತ್ತದೆ. ಆದರೆ ದಂಡಿನ ನಿಶಾನೆ, ಆನೆಯ ಜೂಲು, ಕುದುರೆಯ ಜೀನಿನ ಹೊದಿಕೆ, ಸರದಾರರ ಅಂಗಿ ಇವೆಲ್ಲ ಬಟ್ಟೆಯವು. ಬಟ್ಟೆ ಕಲ್ಲಿನಂತೆ ಉಳಿಯುವುದಿಲ್ಲ. ಮಳೆ, ನುಸಿ, ಇಲಿ, ಬೆಂಕಿ ಎಲ್ಲವೂ ಅದಕ್ಕೆ ವೈರಿ. ಹಾಗಾದರೆ ಆ ಕಾಲದ ಆನೆ ಅಂಬಾರಿ ಎಲ್ಲಿ ಉಳಿಯಿತು? ಹೆಣ್ಣುಮಕ್ಕಳ ಸೆರಗಿನಲ್ಲಿ ಉಳಿಯಿತು. ಅರಸರ ಆನೆ ಹೋದ ಮೇಲೂ ಕಸೂತಿಯ ಆನೆ ನಡೆಯುತ್ತಲೇ ಇತ್ತು.

ದಂಡಿನ ನಂಟು ಲಂಬಾಣಿಗರಿಗೂ ಇದೆ. ರೈಲು, ಲಾರಿ ಇಲ್ಲದ ಕಾಲದಲ್ಲಿ ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ತಿರುಗುತ್ತಿದ್ದವರು ಇವರೇ. ಮೊಗಲರ, ಮರಾಠರ, ಕೊನೆಗೆ ಬ್ರಿಟಿಷರ ಸೈನ್ಯಗಳಿಗೂ ಕಾಳು ತಂದು ಒದಗಿಸಿದ್ದು ಬಂಜಾರರ ಎತ್ತಿನ ತಂಡಗಳು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಬಂಜಾರರ ಎತ್ತುಗಳು ಇದ್ದವು. ಹೀಗೆ ಊರೂರು ತಿರುಗಿದವರು ತಮ್ಮ ಮನೆ, ಸಿಂಗಾರ, ಗುರುತು ಎಲ್ಲವನ್ನೂ ಬಟ್ಟೆಯ ಮೇಲೆ ಹೊತ್ತುಕೊಂಡರು. ಇವತ್ತು ಅವರ ಹಳೇ ಚೀಲಗಳನ್ನು ಹೊರದೇಶದ ಸಂಗ್ರಾಹಕರು ಗಾಜಿನ ಚೌಕಟ್ಟಿನಲ್ಲಿ ಇಟ್ಟು ನೋಡುತ್ತಾರೆ. ನಮ್ಮ ತಾಂಡಾದಲ್ಲಿ ಅದೇ ಚೀಲ ಕಾಳು ಕಟ್ಟಿ ಮೂಲೆಯಲ್ಲಿ ಇರುತ್ತದೆ.

3. ದೂರದ ದೇಶದಿಂದ ಒಂದು ಪಾಠ

ದಂಡಿನ ಮತ್ತು ದೇವರ ಕಸೂತಿ ಬಟ್ಟೆಗಳನ್ನು ಸಂಗ್ರಹಿಸುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಅವರು ಹೆಚ್ಚಾಗಿ ಹುಡುಕುವ ದೇಶಗಳಲ್ಲಿ ಅಮೆರಿಕ ಖಂಡದ ಮೆಕ್ಸಿಕೋ ಒಂದು. 1521ರಲ್ಲಿ ಸ್ಪೇನಿನವರು ಆ ದೇಶವನ್ನು ಹಿಡಿದರು. 1565ರಿಂದ 1815ರವರೆಗೆ ಮನಿಲಾದಿಂದ ಹಡಗುಗಳು ಚೀನಾದ ರೇಷ್ಮೆಯನ್ನು ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೆ ಹೊತ್ತು ತರುತ್ತಿದ್ದವು. ರೇಷ್ಮೆಯ ಮೇಲೆ ಚಿನ್ನ ಬೆಳ್ಳಿಯ ಎಳೆಯಿಂದ ಗುರುಗಳ ಪೂಜಾವಸ್ತ್ರಗಳನ್ನು ಹೊಲಿದರು. ಮಠದ ಸನ್ಯಾಸಿನಿಯರೂ ಈ ಕೆಲಸ ಮಾಡುತ್ತಿದ್ದರು. ಹೊಲಿದವರ ಹೆಸರು ಬಹುತೇಕ ಉಳಿಯಲೇ ಇಲ್ಲ. ನಮ್ಮ ಅಜ್ಜಿಯರ ಹಾಗೆಯೇ.

ಎರಡನೇ ವತಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತು. ಅದರ ನಂತರ ಪೂಜಾವಿಧಿ ಸರಳವಾಯಿತು. ಭಾರಿ ಜರಿಯ ಹಳೆಯ ವಸ್ತ್ರಗಳು ಅನೇಕ ದೇಶಗಳಲ್ಲಿ ಕಪಾಟು ಸೇರಿದವು. ಎಷ್ಟೋ ವಸ್ತ್ರಗಳು ಅಲ್ಲಿಂದ ಹಳೇ ಸಾಮಾನಿನ ಅಂಗಡಿಗೂ ಹೋದವು. ಈ ಅನುಭವದಿಂದ ನಾವೂ ಕಲಿಯಬೇಕು. ಬಳಕೆಯಲ್ಲಿ ಇಲ್ಲದ್ದೆಲ್ಲ ಬೇಡವಾದದ್ದಲ್ಲ.

ಮೆಕ್ಸಿಕೋದ ಇನ್ನೊಂದು ಸಂಗತಿ ದಂಡಿನ ಬಟ್ಟೆಗೆ ಸೇರಿದ್ದು. 1846ರಿಂದ 1848ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಮೆಕ್ಸಿಕೋಗೂ ಯುದ್ಧ ನಡೆಯಿತು. ಗೆದ್ದವರು ಸೋತವರ ಸೈನ್ಯದ ಧ್ವಜಗಳನ್ನು ಒಯ್ದರು. ನೂರು ವರ್ಷದ ಮೇಲೆ, 1950ರಲ್ಲಿ, ಅಮೆರಿಕ ಆ ಧ್ವಜಗಳನ್ನು ಮೆಕ್ಸಿಕೋಗೆ ಮರಳಿ ಕೊಟ್ಟಿತು. ಅವು ಯಾರವು, ಯಾವ ಯುದ್ಧದವು ಎಂಬ ಗುರುತು ಅವುಗಳ ಜೊತೆ ಉಳಿದಿತ್ತು. ಗುರುತು ಅಳಿಸಿ ಹೋಗಿದ್ದರೆ ಅವು ಬಣ್ಣ ಮಾಸಿದ ಬಟ್ಟೆಯ ತುಂಡು ಮಾತ್ರ ಆಗುತ್ತಿದ್ದವು. ಯಾರಿಗೆ ಮರಳಿ ಕೊಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ಈ ಪಾಠದ ಮುಖ್ಯ ಮಾತು ಇಲ್ಲಿಯೇ ಇದೆ. ಬಟ್ಟೆ ಅರ್ಧ, ಅದರ ಕಥೆ ಇನ್ನರ್ಧ. ಎರಡೂ ಕೂಡಿ ಇದ್ದರೆ ಮಾತ್ರ ಅದಕ್ಕೆ ಬೆಲೆ.

4. ಹಳೆಯದನ್ನು ಗುರುತಿಸುವುದು ಹೇಗೆ?

ತಿಳಿದ ಸಂಗ್ರಾಹಕರು ಬಟ್ಟೆಯನ್ನು ಮೊದಲು ತಿರುವಿ ಹಾಕುತ್ತಾರೆ. ನೀವೂ ಹಾಗೇ ಮಾಡಿರಿ.

ಹಿಂಬದಿ ನೋಡಿರಿ. ಗವಂತಿ, ಮುರಗಿ ಎರಡೂ ಕಡೆ ಒಂದೇ ಇರಬೇಕು. ಗಂಟು ಕಾಣಬಾರದು. ಮಶೀನಿನ ಹೊಲಿಗೆಯಾದರೆ ಕೆಳಗೆ ಬೇರೆ ದಾರ ಓಡಿರುತ್ತದೆ. ಕಸೂತಿಯಂತೆ ಅಚ್ಚು ಹಾಕಿದ ಬಟ್ಟೆಯಾದರೆ ಬೆರಳಿಗೆ ಹೊಲಿಗೆ ಹತ್ತುವುದೇ ಇಲ್ಲ.

ಎಳೆ ನೋಡಿರಿ. ಕೈಮಗ್ಗದ ಬಟ್ಟೆಯಲ್ಲಿ ಎಳೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಇಳಕಲ್ ಸೀರೆಯಾದರೆ ಸೆರಗು ಮತ್ತು ಒಡಲು ಕೂಡುವ ಜಾಗ ನೋಡಿರಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಗಜೇಂದ್ರಗಡದಲ್ಲಿ ಮಗ್ಗ ಹಾಕುವ ಮನೆಗಳಲ್ಲಿ ಕೇಳಿದರೆ ಇದನ್ನು ಕೈಹಿಡಿದು ತೋರಿಸುತ್ತಾರೆ.

ತಪ್ಪು ನೋಡಿರಿ. ಕೈಕೆಲಸದಲ್ಲಿ ಎಲ್ಲೋ ಒಂದು ಕಡೆ ಎಳೆ ತಪ್ಪಿರುತ್ತದೆ, ಎಲ್ಲೋ ದಾರದ ಬಣ್ಣ ಬದಲಾಗಿರುತ್ತದೆ. ಅದು ದೋಷವಲ್ಲ, ಕೈಯ ಗುರುತು.

ಹರಿದದ್ದನ್ನು ಕಡೆಗಣಿಸಬೇಡಿರಿ. ಕಲಿಯುವವರಿಗೆ ಹರಿದ ಸೀರೆಯೇ ಒಳ್ಳೆಯ ಗುರು. ದಾರ ಕಿತ್ತ ಜಾಗದಲ್ಲಿ ಸೂಜಿ ಯಾವ ದಾರಿಯಿಂದ ಹೋಯಿತು, ಯಾವ ದಾರಿಯಿಂದ ಮರಳಿತು ಎಂಬುದು ಬಿಚ್ಚಿ ಕಾಣುತ್ತದೆ. ಗವಂತಿಯಲ್ಲಿ ಸೂಜಿ ಹೊರಟ ಜಾಗಕ್ಕೇ ಮರಳಿ ಬರಬೇಕು. ಆ ದಾರಿ ತಪ್ಪಿದರೆ ಹಿಂಬದಿ ಕೆಡುತ್ತದೆ. ಬೋಗಾಣಿಗೆ ಹೋದ ಆ ಚಂದ್ರಕಾಳಿ ಹರಿದಿತ್ತು ಎಂದು ಕೇಳಿದಾಗ ನಮಗೆ ಹೆಚ್ಚು ಸಂಕಟವಾದದ್ದು ಇದಕ್ಕೇ.

5. ಬರೆದಿಡುವುದು

ಮನೆಯಲ್ಲಿ ಹಿರಿಯರು ಇದ್ದಾಗಲೇ ಈ ಕೆಲಸ ಆಗಬೇಕು. ಒಂದೊಂದು ಬಟ್ಟೆಗೆ ಒಂದೊಂದು ಚೀಟಿ ಮಾಡಿರಿ. ಅದರಲ್ಲಿ ಹೀಗೆ ಬರೆಯಿರಿ:

ಬಟ್ಟೆ ಯಾವುದು? ಸೀರೆ, ಕುಬಸ, ಕುಂಚಿಗೆ, ಚೀಲ, ಹೊದಿಕೆ?
ಹೊಲಿದವರು ಯಾರು? ಉಟ್ಟವರು ಯಾರು?
ಯಾವ ಊರಿನಿಂದ ಬಂತು? ತವರಿನಿಂದಲೋ, ಅತ್ತೆಯ ಮನೆಯದೋ?
ಯಾವ ಸಂದರ್ಭದ್ದು? ಮದುವೆ, ಕುಬಸ ಕಾರ್ಯ, ತೊಟ್ಟಿಲು?
ಅದರ ಮೇಲಿನ ಒಂದೊಂದು ಚಿತ್ರಕ್ಕೂ ಮನೆಯಲ್ಲಿ ಏನು ಹೆಸರು?
ಉದ್ದ, ಅಗಲ ಎಷ್ಟು? ಎಲ್ಲಿ ಹರಿದಿದೆ?
ಈ ಮಾಹಿತಿ ಹೇಳಿದವರು ಯಾರು? ಯಾವ ದಿನ?

ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿರಿ. “ಅಜ್ಜಿಯ ಮದುವೆಯದು” ಎಂದು ಬರೆದರೆ ಸಾಕು. ಸುಳ್ಳು ವರ್ಷಕ್ಕಿಂತ ಅದು ಎಷ್ಟೋ ಮೇಲು. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಡೀ ಬಟ್ಟೆಯದು ಒಂದು, ಚಿತ್ರದ ಹತ್ತಿರದ್ದು ಒಂದು, ಹಿಂಬದಿಯದು ಒಂದು. ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದರೆ ಅಳತೆ ತಿಳಿಯುತ್ತದೆ.

ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಇಳಿಸಿಕೊಳ್ಳಿರಿ. ಒಂದು ಹೊಲಿಗೆಗೆ ಒಂದು ಚೌಕ. ಒಂದು ಹೊಲಿಗೆ ಎಷ್ಟು ಎಳೆ ದಾಟಿದೆ ಎಂಬುದನ್ನು ಬದಿಯಲ್ಲಿ ಬರೆಯಿರಿ. ಹೀಗೆ ಬರೆದಿಟ್ಟ ಚಿತ್ರವನ್ನು ಮ್ಯಾಟಿ ಬಟ್ಟೆಯ ಮೇಲೆ ಯಾವ ಹುಡುಗಿ ಬೇಕಾದರೂ ಎಣಿಸಿ ಹಾಕಬಹುದು. ಬಟ್ಟೆ ಮುಂದೆ ಒಂದು ದಿನ ಹೋದರೂ ಚಿತ್ರ ಉಳಿಯುತ್ತದೆ.

6. ಜೋಪಾನ

ಬಿಸಿಲಿಗೆ ಹಾಕಬಾರದು. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಹರವಿ ಒಣಗಿಸಿರಿ.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬಾರದು. ತೇವ ಒಳಗೇ ಉಳಿದು ಬೂಸಲು ಹಿಡಿಯುತ್ತದೆ. ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿರಿ. ಪೇಪರಿನಲ್ಲಿಯೂ ಸುತ್ತಬಾರದು, ಮಸಿ ಹತ್ತುತ್ತದೆ. ಕಬ್ಬಿಣದ ಟ್ರಂಕಾದರೆ ಒಳಗೆ ಸುತ್ತಲೂ ಬಿಳಿ ಬಟ್ಟೆ ಹಾಸಿರಿ, ತುಕ್ಕಿನ ಕಲೆ ಹೋಗುವುದಿಲ್ಲ. ಗುಂಡುಸೂಜಿ ಚುಚ್ಚಿ ಇಡುವುದೂ ಬೇಡ.

ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಬಟ್ಟೆ ಮಡಿಕೆಯಲ್ಲೇ ಸೀಳುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿರಿ. ಸಾಧ್ಯವಿದ್ದರೆ ಕೊಳವೆಗೆ ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ಸುರುಳಿ ಸುತ್ತಿ ಇಡುವುದು ಇನ್ನೂ ಒಳ್ಳೆಯದು.

ಡಾಂಬರ ಗುಳಿಗೆ ಬಟ್ಟೆಗೆ ತಾಗಬಾರದು. ಅತ್ತರು, ಸೆಂಟು ಜರಿಯ ಮೇಲೆ ಬೀಳಬಾರದು, ಜರಿ ಕಪ್ಪಾಗುತ್ತದೆ. ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡುವ ನಮ್ಮ ಅಜ್ಜಿಯರ ಪದ್ಧತಿಯೇ ಒಳ್ಳೆಯದು. ಆದರೆ ಇದನ್ನೂ ಆಗಾಗ ಬದಲಿಸಬೇಕು.

ತೊಳೆಯುವ ಅವಸರ ಬೇಡ. ಮೊದಲು ಒಂದು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ದಾರಕ್ಕೆ ಒತ್ತಿ ನೋಡಿರಿ. ಬಣ್ಣ ಬಿಟ್ಟರೆ ನೀರು ಮುಟ್ಟಿಸಬೇಡಿರಿ. ರೇಷ್ಮೆ, ಜರಿ, ಕನ್ನಡಿ ಇರುವ ಬಟ್ಟೆಯನ್ನು ಮನೆಯಲ್ಲಿ ತೊಳೆಯಲೇಬಾರದು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು.

7. ಮಾರಬೇಕಾಗಿ ಬಂದರೆ

“ಅಕ್ಕಾರ, ನೀವು ಹೇಳೋದು ಖರೆ. ಆದ್ರ ಮಗಳ ಫೀ ತುಂಬೋದಿರತೈತಿ. ಬಟ್ಟಿ ಕಾಯ್ಕೊಂತ ಕೂತ್ರ ಹೆಂಗ್ರಿ?” ಎಂದು ತರಬೇತಿಯಲ್ಲಿ ಒಬ್ಬ ಸದಸ್ಯೆ ನೇರವಾಗಿ ಕೇಳಿದರು. ಈ ಪ್ರಶ್ನೆ ನ್ಯಾಯವಾದದ್ದು. ಬಡತನದಲ್ಲಿ ಮಾರಿದವರನ್ನು ನಾವು ದೂರುವುದಿಲ್ಲ. ಮಾರುವುದು ತಪ್ಪಲ್ಲ, ತಿಳಿಯದೆ ಮಾರುವುದರಿಂದ ನಷ್ಟ. ಆದ್ದರಿಂದ ಈ ಮಾತುಗಳನ್ನು ನೆನಪಿಡಿರಿ.

ಮೊದಲನೆಯದು, ಬಾಗಿಲಿಗೆ ಬಂದವರಿಗೆ ಅದೇ ಗಳಿಗೆಯಲ್ಲಿ ಕೊಡಬೇಡಿರಿ. “ಸಂಘದಾಗ ಕೇಳಿ ಹೇಳತೀನ್ರಿ” ಎಂದು ಹೇಳಿರಿ. ನಿಜವಾಗಿ ಬೇಕಾದವರು ಮತ್ತೆ ಬರುತ್ತಾರೆ.

ಎರಡನೆಯದು, ಹಳೇ ಜರಿ ಕೊಳ್ಳುವವರ ವಿಷಯ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಯ ಮೇಲೆ ಬೆಳ್ಳಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟಿರುತ್ತಾರೆ. ಕೊಂಡವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಅವರು ಕೊಡುವುದು ಬೆಳ್ಳಿಯ ತೂಕದ ಬೆಲೆ ಮಾತ್ರ. ಹೊಲಿಗೆ ಬೂದಿಯಾಗುತ್ತದೆ.

ಮೂರನೆಯದು, ಕಾನೂನು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಇದೆ. 1976ರಿಂದ ಅದು ಜಾರಿಯಲ್ಲಿದೆ. ನೂರು ವರ್ಷಕ್ಕಿಂತ ಹಳೆಯದಾದ, ಹಿಂದಿನ ಕಾಲದ ಕಲೆ, ಕುಶಲತೆ, ಪದ್ಧತಿಗಳನ್ನು ತೋರಿಸುವ ವಸ್ತುಗಳು ಇದರಲ್ಲಿ ಬರುತ್ತವೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಲೈಸನ್ಸ್ ಬೇಕು. ಮನೆಯಲ್ಲಿ ಅಜ್ಜಿಯ ಸೀರೆ ಇಟ್ಟುಕೊಳ್ಳುವುದು ತಪ್ಪಲ್ಲ, ಹೆದರಬೇಡಿರಿ. ಆದರೆ ಬಹಳ ಹಳೆಯದನ್ನು ಕೇಳಿ ಬಂದವರನ್ನು “ಲೈಸನ್ಸ್ ಐತೇನ್ರಿ?” ಎಂದು ಕೇಳುವ ಹಕ್ಕು ನಿಮಗಿದೆ. ಮೆಕ್ಸಿಕೋ ದೇಶವೂ ಅದೇ 1972ರಲ್ಲಿ ತನ್ನ ಹಳೆಯ ಸ್ಮಾರಕ, ವಸ್ತುಗಳನ್ನು ಕಾಯಲು ಕಾನೂನು ಮಾಡಿತು. ಎರಡು ದೇಶಗಳಿಗೂ ತಮ್ಮದು ಕೈಬಿಟ್ಟು ಹೋಗುತ್ತಿದೆ ಎಂಬ ಅರಿವು ಒಂದೇ ಕಾಲಕ್ಕೆ ಬಂತು.

ನಾಲ್ಕನೆಯದು, ಮಾರುವ ಮುಂಚೆ ಚೀಟಿ, ಫೋಟೋ, ಚೌಕಳಿ ಹಾಳೆಯ ಚಿತ್ರ ಈ ಮೂರೂ ಆಗಿರಬೇಕು. ಚೀಟಿಯ ಒಂದು ಪ್ರತಿ ಕೊಂಡವರಿಗೆ ಕೊಡಿರಿ. ಒಂದು ನಿಮ್ಮಲ್ಲಿರಲಿ. ಕಥೆ ಇರುವ ಬಟ್ಟೆಗೆ ಬೆಲೆಯೂ ಹೆಚ್ಚು.

ಐದನೆಯದು, ಕೊಡುವುದೇ ಆದರೆ ನಾಲ್ಕು ಜನ ನೋಡುವಂಥ ಕಡೆ ಕೊಡುವುದನ್ನೂ ಯೋಚಿಸಿರಿ. ಅಹಮದಾಬಾದಿನಲ್ಲಿ 1949ರಲ್ಲಿ ಆರಂಭವಾದ ಕ್ಯಾಲಿಕೋ ಮ್ಯೂಸಿಯಂ ಬಟ್ಟೆಗಳಿಗಾಗಿಯೇ ಇದೆ. ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಇಂಥ ಕಡೆ ಮೊದಲು ಪತ್ರ ಬರೆದು, ಫೋಟೋ ಕಳಿಸಿ ವಿಚಾರಿಸಬಹುದು.

8. ಹಳೆಯದರಿಂದ ಹೊಸ ಗಳಿಕೆ

ಹಳೇ ಬಟ್ಟೆಯನ್ನು ಒಂದು ಸಲ ಮಾರಬಹುದು. ಅದರ ಮೇಲಿನ ಚಿತ್ರವನ್ನು ಕಲಿತರೆ ನೂರು ಸಲ ದುಡಿಯಬಹುದು. ಕರ್ನಾಟಕದ ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಹೆಸರು ಈ ನಾಡಿನ ಈ ಕೆಲಸಕ್ಕೇ ಸೇರಿದ್ದು ಎಂದು ಸರಕಾರ ದಾಖಲೆ ಮಾಡಿಕೊಟ್ಟಿದೆ ಎಂಬುದು ಇದರ ಅರ್ಥ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಇದೇ ಗುರುತು ಬಂತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿತು. ಸಂಡೂರಿನ ತಾಯಂದಿರಿಗೆ ಆದದ್ದು ನಮ್ಮ ತಾಂಡಾದವರಿಗೆ ಯಾಕೆ ಆಗಬಾರದು?

ಕಸೂತಿ ಕೆಲಸ ಮಾಡುವವರು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದಿಂದ ‘ಪೆಹಚಾನ್’ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಮೇಳ, ತರಬೇತಿ ಮುಂತಾದ ಯೋಜನೆಗಳಿಗೆ ಅರ್ಜಿ ಹಾಕುವಾಗ ಇದು ಉಪಯೋಗಕ್ಕೆ ಬರುತ್ತದೆ.

9. ಆ ಸಂಘದಲ್ಲಿ ಮುಂದೇನಾಯಿತು?

ತರಬೇತಿಯ ಕೊನೆಯ ದಿನ ಆ ಸಂಘದವರು ಒಂದು ಠರಾವು ಮಾಡಿದರು. ಉಳಿತಾಯದ ವಹಿಯ ಜೊತೆ ಇನ್ನೊಂದು ವಹಿ ಇಡುವುದು, ಅದಕ್ಕೆ ‘ನಮೂನೆ ವಹಿ’ ಎಂದು ಹೆಸರು. ತಿಂಗಳಿಗೆ ಒಂದು ಮನೆಯ ಟ್ರಂಕು ತೆಗೆದು ನೋಡುವುದು, ಸಿಕ್ಕ ಚಿತ್ರವನ್ನು ಚೌಕಳಿ ಹಾಳೆಗೆ ಇಳಿಸುವುದು, ಹೇಳಿದ ಹಿರಿಯರ ಹೆಸರನ್ನು ಕೆಳಗೆ ಬರೆಯುವುದು.

ಬೋಗಾಣಿಗೆ ಸೀರೆ ಕೊಟ್ಟ ಹಿರಿಯ ಸದಸ್ಯೆಗೆ ಒಂದು ವಿಷಯ ನೆನಪಾಯಿತು. ಅವರ ಆಯಿಯ ಗೆಳತಿಯೊಬ್ಬರು ಪಕ್ಕದ ಓಣಿಯಲ್ಲಿ ಇನ್ನೂ ಇದ್ದರು. ಕಣ್ಣು ಮಂದ. ಸೂಜಿ ಹಿಡಿದು ಎಷ್ಟೋ ವರ್ಷವಾಗಿತ್ತು. ನಾವೆಲ್ಲ ಹೋಗಿ ಕೇಳಿದೆವು. ಆ ಅಮ್ಮ ಬಟ್ಟೆ ಕೇಳಲಿಲ್ಲ. ಕಣ್ಣು ಮುಚ್ಚಿ ಬೆರಳಿನಲ್ಲಿ ನೆಲದ ಮೇಲೆ ಎಣಿಸುತ್ತ ಹೋದರು. “ಮೂರು ಮ್ಯಾಲೆ, ಒಂದು ಅಡ್ಡ, ಮತ್ತ ಮೂರು ಮ್ಯಾಲೆ... ಇಲ್ಲಿ ಆನಿ ಬೆನ್ನು ಬಂತು ನೋಡ ತಂಗಿ.” ಹುಡುಗಿಯೊಬ್ಬಳು ಹಾಳೆಯ ಮೇಲೆ ಗುರುತು ಹಾಕಿಕೊಂಡಳು. ಆನೆ ಪೂರ್ತಿ ಬಂತು. ಅಂಬಾರಿ ಅರ್ಧಕ್ಕೆ ನಿಂತಿತು. “ಮುಂದಿಂದು ನಿಮ್ಮ ಆಯಿಗೇ ಗೊತ್ತಿತ್ತವ್ವ” ಎಂದರು ಆ ಅಮ್ಮ.

ನಮೂನೆ ವಹಿಯ ಮೊದಲ ಹಾಳೆಯಲ್ಲಿ ಆ ಆನೆ ಇದೆ. ಮೇಲಿನ ಅಂಬಾರಿಯ ಜಾಗವನ್ನು ಅವರು ಖಾಲಿ ಬಿಟ್ಟಿದ್ದಾರೆ. ಊಹೆಯಿಂದ ತುಂಬುವುದು ಬೇಡ, ಯಾರ ಮನೆಯಲ್ಲಾದರೂ ಸಿಕ್ಕೀತು ಎಂದು ಕಾಯುತ್ತಿದ್ದಾರೆ. ನಿಮ್ಮ ಟ್ರಂಕಿನಲ್ಲಿ ಅಂಥದ್ದು ಇದ್ದರೆ ದಯವಿಟ್ಟು ಮುಂದಿನ ಸಭೆಗೆ ತನ್ನಿರಿ. ಬಟ್ಟೆ ನಿಮ್ಮದೇ ಇರಲಿ, ಎಣಿಕೆ ಮಾತ್ರ ಕೊಡಿರಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಹೊಲಿಗೆ ಬಟ್ಟೆ ಯಾವುದು? ಅದನ್ನು ಹೊಲಿದವರ ಹೆಸರು ನಿಮಗೆ ಗೊತ್ತಿದೆಯೇ?
2. ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಓಣಿಯಿಂದ ಎಷ್ಟು ಹಳೇ ಸೀರೆಗಳು ಭಾಂಡೆಗೆ, ಜರಿಯವರಿಗೆ ಹೋಗಿವೆ? ಬದಲಿಗೆ ಏನು ಬಂತು?
3. ನಿಮ್ಮ ಊರಿನ ಗುಡಿ, ದರ್ಗಾ, ಚರ್ಚುಗಳಲ್ಲಿರುವ ಹಳೆಯ ವಸ್ತ್ರಗಳ ಪಟ್ಟಿ ಯಾರಾದರೂ ಮಾಡಿದ್ದಾರೆಯೇ?
4. ಎಳೆ ಎಣಿಸಿ ಕಸೂತಿ ಹಾಕಲು ಬರುವ ಹಿರಿಯರು ನಿಮ್ಮ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ? ಅವರ ಹತ್ತಿರ ಯಾರು, ಯಾವಾಗ ಹೋಗುತ್ತೀರಿ?

ನಾಲ್ಕನೇ ಪ್ರಶ್ನೆಗೆ ಉತ್ತರ ಬರೆಯುವಾಗ ಹೋಗುವವರ ಹೆಸರು ಮತ್ತು ದಿನಾಂಕವನ್ನು ತಪ್ಪದೇ ಬರೆಯಿರಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಡುವಂತಿಲ್ಲ.